ಕಿಡಿ ಬರವಲ್ದು ಅಂದ್ರ ಯಂತ್ರ ಸತ್ತದ ಅಂತಲ್ಲ

ಶಹಾಪುರ, ಸುರಪುರ, ಯಾದಗಿರಿ ಕಡೆಯ ಗ್ಯಾರೇಜುಗಳ ಹಿಂದುಗಡೆ ಒಮ್ಮೆ ಇಣುಕಿ ನೋಡಿ. ಹಳೆಯ ಪವರ್ ವೀಡರ್, ಪೆಟ್ರೋಲ್ ಪಂಪ್‌ಸೆಟ್, ಹುಲ್ಲು ಕತ್ತರಿಸುವ ಯಂತ್ರಗಳು ಗೋಡೆಗೆ ಒರಗಿ ನಿಂತಿರುತ್ತವೆ. ಇದಕ್ಕೇನಾಗಿದೆ ಅಂತ ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ.

"ಕರೆಂಟ್ ಬರವಲ್ದ್ರಿ. ಕಾಯಿಲ್ ಹೋಗ್ಯಾದ."

ನಮ್ಮ ತಕರಾರು ಇರುವುದು ಈ ಎರಡು ಮಾತುಗಳ ನಡುವಿನ ಜಾಗದ ಬಗ್ಗೆ. ಕರೆಂಟ್ ಬರುತ್ತಿಲ್ಲ ಅನ್ನುವುದು ಕಾಯಿಲೆಯ ಲಕ್ಷಣ. ಕಾಯಿಲ್ ಹೋಗಿದೆ ಅನ್ನುವುದು ತೀರ್ಪು. ಲಕ್ಷಣದಿಂದ ತೀರ್ಪಿಗೆ ಹೋಗುವ ಮುನ್ನ ನಾಲ್ಕೈದು ಪರೀಕ್ಷೆ ಮಾಡಬೇಕು. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ಪೈಸೆ ಖರ್ಚಿಲ್ಲ. ಅವನ್ನು ಯಾರೂ ಮಾಡುವುದಿಲ್ಲ. ಯಾಕೆಂದರೆ ಯಾರಿಗೂ ಯಾರೂ ಕಲಿಸಿಲ್ಲ.

ಆದ್ದರಿಂದ ನೇರವಾಗಿ ಹೇಳುತ್ತೇವೆ: ಕಿಡಿ ಯಾಕೆ ಬರುತ್ತಿಲ್ಲ ಅಂತ ಪತ್ತೆ ಹಚ್ಚುವುದು ರೈತರ ಕೈಯಲ್ಲಿ ಆಗುವ ಕೆಲಸ. ಆ ವಿದ್ಯೆ ಕೊಡದೆ ಯಂತ್ರ ಮಾತ್ರ ಹಂಚುವುದು ಅರ್ಧ ಕೆಲಸ. ಅದು ಸರ್ಕಾರದ ದುಡ್ಡಿಗೂ ನಷ್ಟ, ರೈತರ ದುಡ್ಡಿಗೂ ನಷ್ಟ.

ಮೊದಲೇ ಒಂದು ಮಾತು. ದೊಡ್ಡ ಟ್ರ್ಯಾಕ್ಟರ್, ಡೀಸೆಲ್ ಟಿಲ್ಲರ್‌ಗಳಿಗೆ ಈ ಲೇಖನ ಸಂಬಂಧಿಸಿದ್ದಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ಇಲ್ಲಿ ಹೇಳುತ್ತಿರುವುದು ಹಗ್ಗ ಎಳೆದು ಸ್ಟಾರ್ಟ್ ಮಾಡುವ ಪೆಟ್ರೋಲ್ ಎಂಜಿನ್‌ಗಳ ಬಗ್ಗೆ. ನಮ್ಮ ಹತ್ತಿ, ಮೆಣಸಿನಕಾಯಿ ಸಾಲುಗಳ ನಡುವೆ ಎಡೆ ಹೊಡೆಯುವ ಸಣ್ಣ ಯಂತ್ರಗಳಲ್ಲಿ ಅಂಥವು ಬಹಳ ಇವೆ.

ಹದ ಯಾರಿಗೂ ಕಾಯುವುದಿಲ್ಲ

ಪಟ್ಟಣದಲ್ಲಿ ಕೂತವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಒಂದು ಯಂತ್ರ ಒಂದು ವಾರ ನಿಂತರೆ ಏನಾಯಿತು?

ಎರೆ ಹೊಲ ಇದ್ದವರನ್ನು ಕೇಳಿ. ಮಳೆ ಬಿದ್ದ ಮರುದಿನ ಹೊಲದಲ್ಲಿ ಕಾಲಿಡಲು ಆಗುವುದಿಲ್ಲ. ಬಹಳ ದಿನ ಬಿಟ್ಟರೆ ನೆಲ ಗಟ್ಟಿಯಾಗಿ ಬಿರಿಯುತ್ತದೆ. ನಡುವೆ ಸಿಗುವುದು ಕೆಲವೇ ದಿನಗಳ ಹದ. ಆ ದಿನಗಳಲ್ಲಿ ಎಡೆ ಹೊಡೆದರೆ ಕಸ ಹೋಗುತ್ತದೆ, ತಪ್ಪಿದರೆ ಕಸವೇ ಹತ್ತಿಯನ್ನು ಮೀರುತ್ತದೆ. ಅದೇ ದಿನಗಳಲ್ಲಿ ಊರಿನ ಎಲ್ಲರಿಗೂ ಆಳು ಬೇಕು, ಎಲ್ಲರಿಗೂ ಎತ್ತು ಬೇಕು. ನಮ್ಮದು ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಜಿಲ್ಲೆ. ಊರಲ್ಲಿ ಉಳಿದ ಆಳುಗಳೇ ಕಡಿಮೆ.

ಆ ಹೊತ್ತಿಗೆ ವೀಡರ್ ಕೈಕೊಟ್ಟರೆ ರೈತರು ಅದನ್ನು ಟಂಟಂನಲ್ಲಿ ಹಾಕಿಕೊಂಡು ತಾಲ್ಲೂಕು ಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಕಾಯಿಲ್ ಸ್ಟಾಕ್ ಇರುವುದಿಲ್ಲ, ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬರಬೇಕು. ನಾಲ್ಕು ದಿನ ಕಳೆದು ಬಂದ ಕಾಯಿಲ್ ಹಾಕಿದ ಮೇಲೂ ಕಿಡಿ ಬರದಿದ್ದರೆ? ಕಾಯಿಲ್‌ನ ದುಡ್ಡು ಹೋಯಿತು, ಟಂಟಂ ಬಾಡಿಗೆ ಹೋಯಿತು, ಹದ ಹೋಯಿತು. ರೋಗ ಮಾತ್ರ ಅಲ್ಲೇ ಉಳಿಯಿತು. ಕೊನೆಗೆ ಸಾಲ ಮಾಡಿ ಕಳೆನಾಶಕ ಹೊಡೆಯುವುದೊಂದೇ ದಾರಿ.

ಕಳೆದ ಹಂಗಾಮಿನಲ್ಲಿ ಸುರಪುರ ತಾಲ್ಲೂಕಿನ ಒಂದು ಹೊಲದಲ್ಲಿ ಇಂಥದ್ದೇ ವೀಡರ್ ನೋಡಿದೆವು. ಒಂದೇ ಮಳೆಗಾಲದಲ್ಲಿ ಎರಡು ಬಾರಿ ಕಾಯಿಲ್ ಬದಲಾಗಿತ್ತು. "ಎರಡು ಕಾಯಿಲ್ ನುಂಗ್ಯಾದ್ರಿ ಇದು, ಇನ್ನೂ ಹೊಟ್ಟಿ ತುಂಬಿಲ್ಲ" ಅಂದರು ಹೊಲದ ಹಿರಿಯರು. ನಿಜವಾದ ತೊಂದರೆ ಇದ್ದದ್ದು ಹ್ಯಾಂಡಲ್ ಬುಡದಲ್ಲಿ. ಸ್ವಿಚ್ಚಿಗೆ ಹೋಗುವ ಸಣ್ಣ ವೈರ್ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಸುಲಿದು ಕಬ್ಬಿಣಕ್ಕೆ ತಾಗುತ್ತಿತ್ತು. ಟೇಪ್ ಸುತ್ತಿದ ಮೇಲೆ ಎಂಜಿನ್ ಹತ್ತಿಕೊಂಡಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಅಂತಾರಲ್ಲ, ಇಲ್ಲಿ ಎರಡು ಸಲ ಕೊಯ್ದಿದ್ದರು.

ಇದರೊಳಗೆ ಗುಟ್ಟೇನೂ ಇಲ್ಲ

ಕಿಡಿ ಹೇಗೆ ಹುಟ್ಟುತ್ತದೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಹಗ್ಗ ಎಳೆದಾಗ ಒಳಗೊಂದು ಭಾರದ ಚಕ್ರ ತಿರುಗುತ್ತದೆ, ಅದಕ್ಕೆ ಫ್ಲೈವೀಲ್ ಅನ್ನುತ್ತಾರೆ. ಅದರ ಅಂಚಿನಲ್ಲಿ ಮ್ಯಾಗ್ನೆಟ್ ಕೂತಿದೆ. ಪಕ್ಕದಲ್ಲಿ ಸಣ್ಣ ಸಂದು ಬಿಟ್ಟು ಕಾಯಿಲ್ ಕೂತಿದೆ. ಮ್ಯಾಗ್ನೆಟ್ ಕಾಯಿಲ್ ಮುಂದೆ ಹಾದುಹೋದಾಗ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. ಅದು ಸಾವಿರಾರು ವೋಲ್ಟ್‌ಗೆ ಏರಿ ದಪ್ಪ ವೈರ್ ಮೂಲಕ ಪ್ಲಗ್ ತಲುಪಿ, ಅದರ ತುದಿಯ ಸಂದಿನಲ್ಲಿ ಕಿಡಿಯಾಗಿ ಹಾರುತ್ತದೆ. ಬ್ಯಾಟರಿ ಬೇಕಿಲ್ಲ.

ಮ್ಯಾಗ್ನೆಟ್‌ನಿಂದ ಕರೆಂಟ್ ಹುಟ್ಟುವುದನ್ನು ಮೈಕೆಲ್ ಫ್ಯಾರಡೆ ಕಂಡುಹಿಡಿದದ್ದು 1831ರಲ್ಲಿ. ಎಂಜಿನ್‌ಗೆ ಹೊಂದುವ ಹೈ ವೋಲ್ಟೇಜ್ ಮ್ಯಾಗ್ನೆಟೊವನ್ನು ಜರ್ಮನಿಯ ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ರೂಪಿಸಿದ್ದು 1902ರಲ್ಲಿ. ಅಂದರೆ ನೂರಿಪ್ಪತ್ತು ವರ್ಷ ದಾಟಿದ ವಿದ್ಯೆ ಇದು. ಇದನ್ನು ರೈತರಿಂದ ದೂರ ಇಡಲು ಯಾವ ಕಾರಣವೂ ಇಲ್ಲ.

ಪತ್ತೆ ಹಚ್ಚುವ ಕ್ರಮ

ಮೊದಲು ಜಾಗ್ರತೆ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಚೆಲ್ಲಿದ ಪೆಟ್ರೋಲ್ ಒರೆಸಿ ಆರುವ ತನಕ ಕಾಯಿರಿ. ಬೀಡಿ ಹತ್ತಿರ ಬೇಡ. ಪ್ಲಗ್ ಅನ್ನು ಬರಿಗೈಯಲ್ಲಿ ಹಿಡಿದು ಹಗ್ಗ ಎಳೆಯಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಒಂದು: ತೊಂದರೆ ಕಿಡಿಯದ್ದೇ ಹೌದಾ ನೋಡಿ. ಹತ್ತು ಸಲ ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿ. ತುದಿ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಕಾರ್ಬುರೇಟರ್ ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿಯ ಮೇಲೆ ಅನುಮಾನ ಪಡಬಹುದು.

ಎರಡು: ಎಂಜಿನ್ ಎಣ್ಣೆ ನೋಡಿ. ಕಿಡಿಗೂ ಎಣ್ಣೆಗೂ ಏನು ಸಂಬಂಧ ಅಂತ ಕೇಳುತ್ತೀರಿ. ಕೆಲವು ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಎಣ್ಣೆ ಕಡಿಮೆಯಾದರೆ ಕಿಡಿಯನ್ನೇ ನಿಲ್ಲಿಸುವ ಸೆನ್ಸರ್ ಇರುತ್ತದೆ. ಎಂಜಿನ್ ಸುಟ್ಟುಹೋಗದಿರಲಿ ಅಂತ ಕಂಪನಿಯವರೇ ಇಟ್ಟ ಕಾವಲುಗಾರ ಅದು. ಇಂಥ ಸಣ್ಣ ಎಂಜಿನ್ ಹಿಡಿಯುವುದೇ ಅರ್ಧ ಲೀಟರ್ ಆಸುಪಾಸು ಎಣ್ಣೆ, ಸ್ವಲ್ಪ ಇಳಿದರೂ ಕಾವಲುಗಾರ ಎಚ್ಚರಾಗುತ್ತಾನೆ. ಯಂತ್ರವನ್ನು ಸಮ ನೆಲದ ಮೇಲೆ ನಿಲ್ಲಿಸಿ ಎಣ್ಣೆ ಅಳತೆ ನೋಡಿ. ವಾಲಿಸಿ ನಿಲ್ಲಿಸಿದರೆ ಎಣ್ಣೆ ಇದ್ದರೂ ಸೆನ್ಸರ್ ಇಲ್ಲ ಅನ್ನಬಹುದು. ಎಣ್ಣೆ ಹಾಕಿದರೆ ಸರಿಹೋಗುವ ಯಂತ್ರಕ್ಕೆ ಕಾಯಿಲ್ ತರಿಸುವುದು ಎಂಥ ಅನ್ಯಾಯ, ನೀವೇ ಹೇಳಿ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕುವ ಟೂ ಸ್ಟ್ರೋಕ್ ಯಂತ್ರಗಳಿಗೆ ಈ ಮಾತು ಇಲ್ಲ.

ಮೂರು: ಪ್ಲಗ್. ಮಸಿ ಕಟ್ಟಿದ್ದರೆ ಒರೆಸಿ, ಒಣಗಿಸಿ. ತುದಿಯ ಸಂದು ಈ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್ ಇರಬೇಕು. ಪ್ಲಗ್ ಅನ್ನು ಕ್ಯಾಪ್‌ಗೆ ಸಿಕ್ಕಿಸಿ, ಕ್ಯಾಪ್‌ನ ರಬ್ಬರ್ ಹಿಡಿದು, ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗುವಂತೆ ಇಡಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಹಬೆ ಹಾರುತ್ತದೆ. ನೆರಳಲ್ಲಿ ನಿಂತು ಒಬ್ಬರು ಹಗ್ಗ ಜೋರಾಗಿ ಎಳೆಯಲಿ, ಇನ್ನೊಬ್ಬರು ನೋಡಲಿ. ಬಿಸಿಲಲ್ಲಿ ಕಿಡಿ ಇದ್ದರೂ ಕಾಣುವುದಿಲ್ಲ. ಬರದಿದ್ದರೆ ಹೊಸ ಪ್ಲಗ್ ಹಾಕಿ ಇದನ್ನೇ ಮಾಡಿ. ಇಡೀ ಪರೀಕ್ಷೆಯಲ್ಲಿ ಅಗ್ಗದ ಸಾಮಾನು ಅದೇ.

ನಾಲ್ಕು: ಪ್ಲಗ್ ಕ್ಯಾಪ್. ಬಹಳ ಎಂಜಿನ್‌ಗಳಲ್ಲಿ ಇದು ವೈರ್‌ಗೆ ತಿರುಪಿ ಕೂಡಿಸಿದ್ದು. ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ತಿರುಗಿಸಿ ಬಿಚ್ಚಿ, ವೈರ್‌ನ ತುದಿಯನ್ನು ಕಾಲು ಇಂಚು ಕತ್ತರಿಸಿ, ಮತ್ತೆ ತಿರುಪಿ ಕೂಡಿಸಿ ನೋಡಿ.

ಐದು: ಸಣ್ಣ ವೈರ್. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಯಿಲ್‌ನಿಂದ ಎರಡು ವೈರ್ ಹೊರಡುತ್ತವೆ. ದಪ್ಪದ್ದು ಪ್ಲಗ್‌ಗೆ, ಸಣ್ಣದು ಬಂದ್ ಮಾಡುವ ಸ್ವಿಚ್ಚಿಗೆ. ಮನೆಯ ಲೈಟಿನ ಸ್ವಿಚ್ಚಿಗೂ ಇದಕ್ಕೂ ಉಲ್ಟಾ ಲೆಕ್ಕ. ಲೈಟ್ ಆರಿಸಿದಾಗ ವೈರ್‌ಗಳು ಬೇರೆಯಾಗುತ್ತವೆ. ಇಲ್ಲಿ ಬಂದ್ ಮಾಡಿದಾಗ ಸಣ್ಣ ವೈರ್ ಎಂಜಿನ್ ಮೈಗೆ ಕೂಡುತ್ತದೆ, ಕರೆಂಟ್ ಪ್ಲಗ್‌ಗೆ ಹೋಗದೆ ಅಲ್ಲೇ ಇಳಿದುಹೋಗುತ್ತದೆ. ಹಾಗಾದರೆ ವೈರ್ ಸುಲಿದು ಕಬ್ಬಿಣಕ್ಕೆ ತಾಗಿದರೆ ಏನಾಗುತ್ತದೆ? ಸ್ವಿಚ್ ಆನ್ ಇದ್ದರೂ ಯಂತ್ರದ ಪಾಲಿಗೆ ಅದು ಆಫ್. ಸ್ವಿಚ್ಚಿನೊಳಗೆ ನೀರು ಹೋದರೂ, ಎಣ್ಣೆ ಸೆನ್ಸರ್ ಕೆಟ್ಟರೂ ಇದೇ ಕಥೆ.

ಪರೀಕ್ಷೆ ಸುಲಭ. ಆ ಸಣ್ಣ ವೈರ್‌ನ ಜೋಡಣೆ ಬಿಚ್ಚಿ, ಕಾಯಿಲ್ ಕಡೆಯ ತುದಿ ಎಲ್ಲಿಗೂ ತಾಗದಂತೆ ಇಟ್ಟು, ಮತ್ತೆ ಕಿಡಿ ನೋಡಿ. ಈಗ ಕಿಡಿ ಬಂತೋ, ನಿಮ್ಮ ಕಾಯಿಲ್ ಚೆನ್ನಾಗಿದೆ. ರೋಗ ಸ್ವಿಚ್ಚಿನಲ್ಲಿದೆ, ವೈರ್‌ನಲ್ಲಿದೆ ಅಥವಾ ಸೆನ್ಸರ್‌ನಲ್ಲಿದೆ. ಆದರೆ ಎಚ್ಚರ: ಈ ವೈರ್ ಬಿಚ್ಚಿದಾಗ ಸ್ವಿಚ್ ಒತ್ತಿದರೂ ಎಂಜಿನ್ ನಿಲ್ಲುವುದಿಲ್ಲ. ಇದು ಪರೀಕ್ಷೆಗೆ ಮಾತ್ರ. ಹಾಗೇ ಹೊಲಕ್ಕೆ ಇಳಿಸಿದರೆ, ತಿರುಗುವ ಬ್ಲೇಡಿಗೆ ಕಾಲು ಸಿಕ್ಕಾಗ ನಿಲ್ಲಿಸಲು ದಾರಿ ಇರುವುದಿಲ್ಲ.

ಆರು: ಆಗಲೂ ಬರದಿದ್ದರೆ ಫ್ಲೈವೀಲ್ ಮೇಲಿನ ಕವರ್ ಬಿಚ್ಚಿ. ಬೇಸಿಗೆ ಪೂರ್ತಿ ಮೂಲೆಯಲ್ಲಿ ನಿಂತ ಯಂತ್ರದೊಳಗೆ ಇಲಿ ಗೂಡು ಕಟ್ಟಿ ವೈರ್ ಕಡಿದಿರಬಹುದು. ಮ್ಯಾಗ್ನೆಟ್ ಮೇಲೆ, ಕಾಯಿಲ್‌ನ ಕಾಲುಗಳ ಮೇಲೆ ತುಕ್ಕು ಇದ್ದರೆ ಸಣ್ಣ ಮರಳು ಕಾಗದದಿಂದ ಉಜ್ಜಿ ತೆಗೆಯಿರಿ. ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವಿನ ಸಂದು ಇಂಥ ಅನೇಕ ಎಂಜಿನ್‌ಗಳಲ್ಲಿ 0.4 ಮಿಲಿಮೀಟರ್ ಹತ್ತಿರ. ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು, ಮ್ಯಾಗ್ನೆಟ್ ಅದನ್ನು ಹಿಡಿದುಕೊಂಡಾಗ ಬೋಲ್ಟ್ ಬಿಗಿ ಮಾಡಿ, ಕಾರ್ಡ್ ಎಳೆದು ತೆಗೆಯಿರಿ. ಬಹಳ ಹಳೆಯ ಎಂಜಿನ್ ಆದರೆ ಫ್ಲೈವೀಲ್ ಹಿಂದೆ ಪಾಯಿಂಟ್ ಮತ್ತು ಕಂಡೆನ್ಸರ್ ಇರುತ್ತವೆ. ಪಾಯಿಂಟ್ ಮೇಲೆ ಜಿಡ್ಡು, ತುಕ್ಕು ಕೂತರೂ ಕಿಡಿ ಹೋಗುತ್ತದೆ. ಫ್ಲೈವೀಲ್ ಕಳಚಲು ಪುಲ್ಲರ್ ಬೇಕು, ಅದನ್ನು ಮಿಸ್ತ್ರಿಗೇ ಬಿಡಿ.

ಇಷ್ಟಾದ ಮೇಲೂ ಕಿಡಿ ಇಲ್ಲದಿದ್ದರೆ ಆಗ ಕಾಯಿಲ್ ಮೇಲೆ ಅನುಮಾನ ಪಡಿ. ಇನ್ನೊಂದು ಗುರುತು: ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುವ ಎಂಜಿನ್‌ನ ಕಾಯಿಲ್ ಕೆಟ್ಟಿರಬಹುದು. ಅಲ್ಲೂ ಅವಸರ ಬೇಡ. ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಚಿಕೊಂಡರೂ ಹೀಗೇ ಆಗುತ್ತದೆ. ಯಂತ್ರ ನಿಂತ ತಕ್ಷಣ ಕಿಡಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಮಿಸ್ತ್ರಿಯನ್ನು ಬೈದರೆ ಆಗಲಿಲ್ಲ

ಇದನ್ನು ಓದಿ ನಮ್ಮ ಮಿಸ್ತ್ರಿಗಳ ಮೇಲೆ ಸಿಟ್ಟು ಬರಬಹುದು. ನಾವು ಅವರ ಪರ. ಬೈಕ್ ರಿಪೇರಿ ಮಾಡುತ್ತ ಮಾಡುತ್ತ ಕೈಗೆ ಬಂದ ವಿದ್ಯೆ ಅವರದ್ದು. ವೀಡರ್ ಎಂಜಿನ್‌ನ ಸರ್ವಿಸ್ ಪುಸ್ತಕವನ್ನು ಕನ್ನಡದಲ್ಲಿ ಅವರ ಕೈಗೆ ಯಾರೂ ಇಟ್ಟಿಲ್ಲ. ತರಬೇತಿಗೆ ಯಾರೂ ಕರೆದಿಲ್ಲ. ಪುಸ್ತಕ ಇಲ್ಲದವರಿಗೆ ಇರುವುದು ಒಂದೇ ಉಪಾಯ: ಬಿಡಿ ಭಾಗ ಬದಲಿಸಿ ನೋಡುವುದು. ಆ ಪ್ರಯೋಗದ ಖರ್ಚು ರೈತರ ಜೇಬಿನಿಂದ ಹೋಗುತ್ತದೆ.

ಸಿಟ್ಟು ಹೋಗಬೇಕಾದ್ದು ಇನ್ನೂ ಮೇಲಕ್ಕೆ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದ ರೈತರಿಗೆ ಶೇ 90ರ ತನಕ ಸಹಾಯಧನ ಇದೆ. ಒಳ್ಳೆಯ ಯೋಜನೆ, ಬೇಡ ಅನ್ನುವುದಿಲ್ಲ. ಆದರೆ ಇಂಥ ಯೋಜನೆಯ ಲೆಕ್ಕ ಎಷ್ಟು ಯಂತ್ರ ಹಂಚಿದೆವು ಅನ್ನುವಲ್ಲಿಗೆ ಮುಗಿಯಬಾರದು. ಎರಡು ವರ್ಷದ ಮೇಲೆ ಅವುಗಳಲ್ಲಿ ಎಷ್ಟು ಓಡುತ್ತಿವೆ? ಆ ಲೆಕ್ಕ ಬೇಕು. ಎತ್ತು ಕೊಟ್ಟವರು ಎತ್ತು ಬದುಕಿದೆಯೇ ಅಂತ ಒಮ್ಮೆ ಕೇಳುವುದು ಬೇಡವೇ?

"ರೈತರಿಗೆ ಇದೆಲ್ಲ ತಿಳಿಯಲ್ಲ" ಅನ್ನುವವರಿದ್ದಾರೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದಾಗ ಬ್ಯಾಟರಿ ಹಿಡಿದು ಹೋಗಿ ಬೋರ್‌ವೆಲ್ ಸ್ಟಾರ್ಟರ್ ಸರಿ ಮಾಡುವವರು ಯಾರು? ಸ್ಪ್ರೇ ಪಂಪ್ ಬಿಚ್ಚಿ ವಾಷರ್ ಹಾಕುವವರು ಯಾರು? ಎತ್ತು ಕುಂಟಿದರೆ ಮೊದಲು ಗೊರಸು ಎತ್ತಿ ಲಾಳ ನೋಡುವವರು ನಾವು, ಸಂತೆಗೆ ಹೊಡೆಯುವವರಲ್ಲ. ಅದೇ ಬುದ್ಧಿ ಯಂತ್ರಕ್ಕೂ ಸಾಕು.

"ಬಿಚ್ಚಿದರೆ ವಾರಂಟಿ ಹೋಗುತ್ತದೆ" ಅನ್ನುತ್ತಾರೆ. ಒಪ್ಪುತ್ತೇವೆ, ವಾರಂಟಿ ಇರುವ ಯಂತ್ರದ ಕವರ್ ಬಿಚ್ಚಬೇಡಿ, ಮಾರಿದವರಿಂದಲೇ ಮಾಡಿಸಿ. ಆದರೆ ಎಣ್ಣೆ ನೋಡುವುದು, ಪ್ಲಗ್ ಒರೆಸುವುದು ಮಾಲೀಕರೇ ಮಾಡುವ ಕೆಲಸ. ನಾವು ಮಾತಾಡುತ್ತಿರುವುದು ವಾರಂಟಿ ಎಂದೋ ಮುಗಿದ ಹಳೆಯ ಯಂತ್ರಗಳ ಬಗ್ಗೆ.

"ಹೊಸದು ತಗೊಳ್ರಿ, ಸಬ್ಸಿಡಿ ಅದ" ಅನ್ನುವ ಮಾತೂ ಇದೆ. ಶೇ 50ರ ಸಬ್ಸಿಡಿ ಅಂದರೆ ಉಳಿದ ಅರ್ಧ ರೈತರ ಮನೆಯದು. ಸರ್ಕಾರದ ಅರ್ಧವೂ ಜನರ ತೆರಿಗೆಯೇ. ಟೇಪ್ ಸುತ್ತಿದರೆ ಓಡುವ ಯಂತ್ರವನ್ನು ಗುಜರಿಗೆ ಹಾಕಿ ಹೊಸದು ತರಲು ಇದು ಯಾರ ದುಡ್ಡೂ ಅಲ್ಲ ಅಂದುಕೊಳ್ಳಬೇಡಿ.

ರಿಪೇರಿ ನಮ್ಮ ಹಕ್ಕು

ಇದು ನಮ್ಮ ಜಿಲ್ಲೆಯ ಗೊಣಗಾಟ ಮಾತ್ರ ಅಲ್ಲ. ಅಮೆರಿಕದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಹಿತಿಯನ್ನು ಕಂಪನಿಗಳು ಬಚ್ಚಿಡುತ್ತವೆ ಅಂತ ರೈತರು ವರ್ಷಗಟ್ಟಲೆ ಹೋರಾಡಿದರು. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕಾನೂನನ್ನೇ ತಂದಿತು, 2024ರ ಜನವರಿಯಿಂದ ಅದು ಜಾರಿಯಲ್ಲಿದೆ.

ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಶುರು ಮಾಡಿತು. ಅದಕ್ಕೆ ಆರಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಮೊಬೈಲ್, ಮನೆ ಬಳಕೆಯ ಸಾಮಾನು, ವಾಹನ ಉಳಿದ ಮೂರು. ಅಂದರೆ ರಿಪೇರಿ ಮಾಹಿತಿ ರೈತರಿಗೆ ಸಿಗಬೇಕು ಅಂತ ದೆಹಲಿ ಒಪ್ಪಿದೆ. ಆದರೆ ಪೋರ್ಟಲ್‌ನಿಂದ ಹೊಲದ ಬದುವಿನ ತನಕ ಅದು ಬರಬೇಕಾದರೆ ಕನ್ನಡದಲ್ಲಿ ಬರಬೇಕು, ಕಾಗದದ ಮೇಲೆ ಬರಬೇಕು, ಕೈಗೆ ಕೈ ಕೊಟ್ಟು ಕಲಿಸುವವರು ಬೇಕು.

ನಾವು ಕೇಳುವುದು ಇಷ್ಟು.

ಸಬ್ಸಿಡಿಯಲ್ಲಿ ಕೊಡುವ ಪ್ರತಿ ಯಂತ್ರದ ಜೊತೆ ಒಂದು ಹಾಳೆ ಬರಲಿ. ಯಂತ್ರ ಹತ್ತದಿದ್ದರೆ ಏನನ್ನು ಯಾವ ಕ್ರಮದಲ್ಲಿ ನೋಡಬೇಕು, ಬಿಡಿ ಭಾಗದ ನಂಬರ್ ಏನು, ಬೆಲೆ ಎಷ್ಟು ಅಂತ ಚಿತ್ರ ಸಮೇತ ಕನ್ನಡದಲ್ಲಿ ಇರಲಿ. ಹಾಳೆ ಕೊಡದ ಕಂಪನಿಗೆ ಸಬ್ಸಿಡಿ ಪಟ್ಟಿಯಲ್ಲಿ ಜಾಗ ಬೇಡ.

ಪ್ರತಿ ವರ್ಷ ಮುಂಗಾರಿಗೆ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ರಿಪೇರಿ ದಿನ ನಡೆಯಲಿ. ರೈತರು ಯಂತ್ರ ತರಲಿ, ಊರಿನ ಮಿಸ್ತ್ರಿಗಳೂ ಬರಲಿ, ಐಟಿಐ ಹುಡುಗರೂ ಬರಲಿ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯ ಇದೆ, ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೇ ಇದೆ. ಗ್ರಾಮೀಣ ಯುವಕರಿಗೆ ತರಬೇತಿ ಕೊಡುವುದು ಕೃಷಿ ವಿಜ್ಞಾನ ಕೇಂದ್ರಗಳ ಕೆಲಸವೇ. ಕಲಿಸುವವರಿಗೆ ಬರವಿಲ್ಲ, ಕಲಿಸಿ ಅಂತ ಕೇಳುವವರು ಬೇಕು.

ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಂದು ಪೆಟ್ಟಿಗೆ ಇರಲಿ: ಕಿಡಿ ನೋಡುವ ಟೆಸ್ಟರ್, ಸಂದು ಅಳೆಯುವ ಗೇಜ್, ಮಲ್ಟಿಮೀಟರ್, ಪ್ಲಗ್ ಪಾನಾ, ಫ್ಲೈವೀಲ್ ಪುಲ್ಲರ್. ರೈತರು ಬಂದು ಬಳಸಿ ಹೋಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಈ ಪೆಟ್ಟಿಗೆ ಕಣ್ಣಿಗೂ ಬೀಳದ ಖರ್ಚು.

ಇದನ್ನು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಠರಾವಿನಲ್ಲಿ ಬರೆಸಿ. ವಾರಂಟಿ ಇದ್ದೂ ರಿಪೇರಿ ಮಾಡಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.

ಅಲ್ಲಿಯ ತನಕ, ಕಾಯಿಲ್‌ಗೆ ದುಡ್ಡು ಎಣಿಸುವ ಮೊದಲು ಮಿಸ್ತ್ರಿ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಸಣ್ಣ ವೈರ್ ಬಿಚ್ಚಿ ನೋಡೀರೇನ್ರಿ?"